ಅಮೆರಿಕದ ರಾಜ್ಯಾಂಗದಲ್ಲಿ ಮತಾಧಿಕಾರ: ವಿಧಿಯೋ, ನಿಷೇಧವೋ?

ಅಮೆರಿಕದ ಸಂಯುಕ್ತ ಸಂಸ್ಥಾನಗಳ ರಾಜ್ಯಾಂಗಶಾಸನವು ಜನರ ಹೆಸರಿನಿಂದ ಆರಂಭವಾಗುತ್ತದೆ. ಶಾಸನವನ್ನು ಸ್ಥಾಪಿಸುವ ಕರ್ತೃಗಳು ತಾವೇ ಎಂದು ಜನರು ಅಲ್ಲಿ ಘೋಷಿಸಿಕೊಂಡಿದ್ದಾರೆ. ಆದರೆ ಆ ಜನರು ಯಾರು, ಅವರಲ್ಲಿ ಮತ ಕೊಡತಕ್ಕವರು ಯಾರು ಎಂಬ ಪ್ರಶ್ನೆಯನ್ನು ಮನಸ್ಸಿನಲ್ಲಿಟ್ಟುಕೊಂಡು 1787ರ ಮೂಲಪಾಠವನ್ನು ಆದ್ಯಂತವಾಗಿ ಓದಿದರೂ ಉತ್ತರವು ದೊರೆಯುವುದಿಲ್ಲ. ಜನಾಧಿಪತ್ಯಕ್ಕೆ ಮಾದರಿಯೆಂದು ಹೆಸರಾದ ಶಾಸನದಲ್ಲಿ ಈ ಮೌನವು ಹೇಗೆ ಉಂಟಾಯಿತು, ಅದರ ಫಲವೇನಾಯಿತು ಎಂಬುದನ್ನು ವಿಚಾರಮಾಡುವುದೇ ಪ್ರಕೃತ ಲೇಖನದ ಉದ್ದೇಶ.

ನಮ್ಮ ಮೀಮಾಂಸಕರು ಶಾಸನವಾಕ್ಯಗಳಲ್ಲಿ ವಿಧಿಯನ್ನೂ ನಿಷೇಧವನ್ನೂ ಬೇರ್ಪಡಿಸುವರಷ್ಟೆ. ಇಂಥದನ್ನು ಮಾಡಬೇಕು ಎಂದು ಪ್ರವರ್ತಿಸುವುದು ವಿಧಿ. ಇಂಥದನ್ನು ಮಾಡಕೂಡದು ಎಂದು ನಿವರ್ತಿಸುವುದು ನಿಷೇಧ. ಈ ವಿಭಾಗವನ್ನು ಹಿಡಿದು ನೋಡಿದರೆ ಅಮೆರಿಕದ ಮತಾಧಿಕಾರದ ಚರಿತ್ರೆಯಲ್ಲಿ ತೊಡಕಾಗಿ ಕಾಣುವ ಎಷ್ಟೋ ಸಂಗತಿಗಳು ಸ್ಪಷ್ಟವಾಗುತ್ತವೆ. ಪ್ರತಿಯೊಬ್ಬ ವಯಸ್ಕ ಪ್ರಜೆಗೂ ಮತವುಂಟು ಎಂಬ ವಿಧಿವಾಕ್ಯವು ಆ ರಾಜ್ಯಾಂಗದಲ್ಲಿ ಅಂದೂ ಇರಲಿಲ್ಲ, ಇಂದೂ ಇಲ್ಲ. ಇಂಥಿಂಥ ಕಾರಣದಿಂದ ಮತವನ್ನು ನಿರಾಕರಿಸಕೂಡದು ಎಂಬ ನಿಷೇಧವಾಕ್ಯಗಳು ಮಾತ್ರ, ಒಂದಾದಮೇಲೊಂದರಂತೆ, ಶತಮಾನಕ್ಕೂ ಮೀರಿದ ಕಾಲದಲ್ಲಿ ಸೇರುತ್ತ ಬಂದಿವೆ.

ಮೊದಲು ಸರ್ಕಾರದ ರಚನೆಯನ್ನು ಸಂಕ್ಷೇಪವಾಗಿ ನೆನೆಯುವುದು ಒಳ್ಳೆಯದು. ಶಾಸನಾಧಿಕಾರವು ಪ್ರತಿನಿಧಿ ಸಭೆ, ಸೆನೆಟ್ ಸಭೆ ಎಂಬ ಎರಡು ಮನೆಗಳುಳ್ಳ ಕಾಂಗ್ರೆಸ್ಸಿಗೆ ಸೇರಿದುದು, ಕಾರ್ಯಾಧಿಕಾರವು ಅಧ್ಯಕ್ಷನದು, ನ್ಯಾಯಾಧಿಕಾರವು ಸುಪ್ರೀಂ ಕೋರ್ಟು ಮತ್ತು ಅದರ ಕೆಳಗಣ ನ್ಯಾಯಸ್ಥಾನಗಳದು. ಪ್ರತಿನಿಧಿಗಳ ಅವಧಿ 2 ವರ್ಷ, ಅಧ್ಯಕ್ಷನದು 4, ಸೆನೆಟರುಗಳದು 6. ಈ ಮೂವರಲ್ಲಿ ಜನರು ನೇರವಾಗಿ ಆರಿಸತಕ್ಕವರೆಂದು ಮೂಲಪಾಠವು ಹೇಳಿದ್ದು ಪ್ರತಿನಿಧಿಗಳನ್ನು ಮಾತ್ರ. ಸೆನೆಟರುಗಳನ್ನು ಆಯಾ ಸಂಸ್ಥಾನದ ಶಾಸನಸಭೆಯೇ ಆರಿಸುತ್ತಿತ್ತು. ಇದನ್ನು ಬದಲಾಯಿಸಿ ಜನರಿಗೆ ಒಪ್ಪಿಸಿದುದು 1913ರ ಹದಿನೇಳನೆಯ ತಿದ್ದುಪಡಿ. ಪ್ರತಿನಿಧಿ ಸಭೆಗೆ ಮತ ಕೊಡುವವರ ಅರ್ಹತೆಯನ್ನಾದರೂ ಶಾಸನವು ತಾನೇ ನಿರ್ಣಯಿಸಲಿಲ್ಲ. ಸಂಸ್ಥಾನದ ಶಾಸನಸಭೆಯ ದೊಡ್ಡ ಮನೆಗೆ ಯಾರು ಮತ ಕೊಡಬಹುದೋ ಅವರೇ ಇಲ್ಲಿಯೂ ಕೊಡಬಹುದು ಎಂದು ಹೇಳಿ ಸುಮ್ಮನಾಯಿತು.

ಈ ಮೌನಕ್ಕೆ ಕಾರಣವಿತ್ತು. ಫಿಲಡೆಲ್ಫಿಯದಲ್ಲಿ ಸೇರಿದ 55 ಮಂದಿ ನಿಯೋಗಿಗಳು ಬಂದಿದ್ದ ಸಂಸ್ಥಾನಗಳಲ್ಲಿ ಮತದ ನಿಯಮಗಳು ಒಂದೇ ಬಗೆಯವಾಗಿರಲಿಲ್ಲ. ಒಂದು ಕಡೆ ಭೂಮಿಯುಳ್ಳವನಿಗೆ ಮತ. ಮತ್ತೊಂದು ಕಡೆ ತೆರಿಗೆ ಕೊಡುವವನಿಗೆ. ಎಲ್ಲಕ್ಕೂ ಒಂದೇ ನಿಯಮವನ್ನು ಹೇರಲು ಹೊರಟರೆ ಒಕ್ಕೂಟದ ಪ್ರಯತ್ನವೇ ಮುರಿದುಬೀಳುವ ಭಯವಿತ್ತು. ಇದಕ್ಕಿಂತ ಕಠೋರವಾದ ಒಂದು ಒಪ್ಪಂದವೂ ಅಲ್ಲಿ ನಡೆಯಿತು: ಪ್ರತಿನಿಧಿಗಳ ಸಂಖ್ಯೆಯನ್ನು ಗೊತ್ತುಮಾಡುವಾಗ ಗುಲಾಮರನ್ನು ಐದರಲ್ಲಿ ಮೂರು ಪಾಲಿನಂತೆ ಲೆಕ್ಕ ಹಿಡಿಯತಕ್ಕದ್ದೆಂದು ನಿಶ್ಚಯಿಸಿದರು. ಮತವಿಲ್ಲದವನ ತಲೆಯೆಣಿಕೆಯಿಂದ ಅವನ ಒಡೆಯನ ಬಲವು ಹೆಚ್ಚಿತು. 1791ರಲ್ಲಿ ಸೇರಿದ ಮೊದಲ ಹತ್ತು ತಿದ್ದುಪಡಿಗಳು, ಎಂದರೆ ಪ್ರಸಿದ್ಧವಾದ ಹಕ್ಕುಗಳ ಶಾಸನವು, ಮತ, ವಾಕ್ಕು, ಮುದ್ರಣ, ಸಭೆ, ನ್ಯಾಯವಿಚಾರಣೆ ಮೊದಲಾದುವನ್ನು ಕಾಪಾಡಿದುವು. ಇಲ್ಲಿ ಮತವೆಂದರೆ ಧರ್ಮ. ಓಟಿನ ಮಾತು ಅವುಗಳಲ್ಲಿ ಇಲ್ಲ.

ವಿಧಿಯಿಂದ ಕಟ್ಟಿಡದ ಅಧಿಕಾರವು ಬಂದಂತೆಯೇ ಹೋಗಬಹುದೆಂಬುದಕ್ಕೆ ನ್ಯೂ ಜೆರ್ಸಿ ಸಂಸ್ಥಾನವು ದೃಷ್ಟಾಂತ. ಅದರ 1776ರ ಶಾಸನವು 50 ಪೌಂಡುಗಳ ಆಸ್ತಿಯುಳ್ಳ ಎಲ್ಲ ನಿವಾಸಿಗಳಿಗೂ ಮತವಿತ್ತಿತು. ಸ್ತ್ರೀಯರೂ ಮತ ಕೊಟ್ಟರು. 1807ರಲ್ಲಿ ಅಲ್ಲಿನ ಶಾಸನಸಭೆಯು ಒಂದು ಕಾಯಿದೆಯಿಂದ ಅದನ್ನು ಬಿಳಿಯ ಪುರುಷರಿಗೆ ಮಾತ್ರ ಮೀಸಲುಮಾಡಿತು. ನ್ಯೂಯಾರ್ಕಿನವರು 1821ರಲ್ಲಿ ಬಿಳಿಯ ಬಡವರ ಮೇಲಿದ್ದ ಆಸ್ತಿಯ ನಿರ್ಬಂಧವನ್ನು ತೆಗೆದುಹಾಕಿ, ಆಫ್ರಿಕಾ ಮೂಲದವರಿಗೆ ಮಾತ್ರ 250 ಡಾಲರುಗಳ ನಿರ್ಬಂಧವನ್ನು ಉಳಿಸಿಕೊಂಡರು. ಬಾಗಿಲು ಒಬ್ಬರಿಗೆ ತೆರೆದ ಗಳಿಗೆಯಲ್ಲೇ ಇನ್ನೊಬ್ಬರಿಗೆ ಮುಚ್ಚಿತು.

ಅಂತರ್ಯುದ್ಧವು ಮುಗಿದಮೇಲೆ ಮೂರು ತಿದ್ದುಪಡಿಗಳು ಬಂದುವು. 1865ರ ಹದಿಮೂರನೆಯದು ಗುಲಾಮಗಿರಿಯನ್ನು ತೊಡೆಯಿತು. 1868ರ ಹದಿನಾಲ್ಕನೆಯದು ಪ್ರಜಾತ್ವವನ್ನು ನಿರ್ವಚಿಸಿತು. ಮತದ ಹಕ್ಕು ಎಂಬ ಮಾತು ರಾಜ್ಯಾಂಗದಲ್ಲಿ ಮೊದಲು ಕಾಣಿಸಿಕೊಳ್ಳುವುದು ಇದರಲ್ಲಿಯೇ. ಅದೂ ಪುರುಷ ಎಂಬ ವಿಶೇಷಣದೊಡನೆ. ಪುರುಷರಿಗೆ ಮತವನ್ನು ನಿರಾಕರಿಸಿದ ಸಂಸ್ಥಾನಕ್ಕೆ ಪ್ರತಿನಿಧಿಗಳ ಸಂಖ್ಯೆಯನ್ನು ಕಡಿಮೆಮಾಡುವ ದಂಡವನ್ನು ಅದು ಹೇಳಿತು. ಆ ದಂಡವನ್ನು ಎಂದೂ ಪ್ರಯೋಗಿಸಲಿಲ್ಲ. 1870ರ ಹದಿನೈದನೆಯ ತಿದ್ದುಪಡಿಯು ಜನಾಂಗ, ಬಣ್ಣ, ಹಿಂದಿನ ದಾಸ್ಯ ಎಂಬ ಕಾರಣಗಳಿಂದ ಮತವನ್ನು ನಿರಾಕರಿಸಕೂಡದೆಂದಿತು. ಈ ವಾಕ್ಯವನ್ನು ರಚಿಸುವಾಗ ನಡೆದ ಚರ್ಚೆಯು ಗಮನಾರ್ಹವಾದುದು. ಮ್ಯಾಸಚೂಸೆಟ್ಸಿನ ಸೆನೆಟರ್ ಹೆನ್ರಿ ವಿಲ್ಸನ್ನನು ಆಸ್ತಿ, ವಿದ್ಯೆ, ಜನ್ಮಸ್ಥಳ, ಧರ್ಮ ಇವುಗಳ ಭೇದವನ್ನೂ ನಿಷೇಧಿಸುವ ಪಾಠವನ್ನು 1869ರಲ್ಲಿ ಮುಂದಿಟ್ಟನು. ಸೆನೆಟ್ ಸಭೆಯು ಅದನ್ನು ಒಪ್ಪಿಯೂ ಇತ್ತು. ಆದರೆ ಕಡೆಯ ಪಾಠದಲ್ಲಿ ಆ ಪದಗಳು ಉಳಿಯಲಿಲ್ಲ. ಹೀಗೆ ಬಿಟ್ಟುಹೋದ ಪದಗಳ ಬೆಲೆಯನ್ನು ಮುಂದಿನ ತೊಂಬತ್ತೈದು ವರ್ಷಗಳು ತೋರಿಸಿಕೊಟ್ಟವು.

ನ್ಯಾಯಸ್ಥಾನವು ಈ ಭೇದವನ್ನು ಬೇಗನೆ ಎತ್ತಿ ಹಿಡಿಯಿತು. ಮಿಸೌರಿಯ ವರ್ಜೀನಿಯ ಮೈನರ್ ಎಂಬಾಕೆ, ತಾನು ಪ್ರಜೆಯಾದುದರಿಂದ ತನಗೆ ಮತವುಂಟೆಂದು ವಾದಿಸಿದಳು. ಆಕೆ ಪ್ರಜೆಯೆಂಬುದು ದಿಟ, ಆದರೆ ಪ್ರಜಾತ್ವದಿಂದಲೇ ಮತಾಧಿಕಾರವು ಸಿದ್ಧಿಸುವುದಿಲ್ಲವೆಂದು 1875ರಲ್ಲಿ ಸುಪ್ರೀಂ ಕೋರ್ಟು ಏಕಾಭಿಪ್ರಾಯದಿಂದ ತೀರ್ಪುಕೊಟ್ಟಿತು. ಮರುವರ್ಷವೇ ರೀಸ್ ಎಂಬವನ ಮೊಕದ್ದಮೆಯಲ್ಲಿ, ಹದಿನೈದನೆಯ ತಿದ್ದುಪಡಿಯು ಯಾರಿಗೂ ಮತವನ್ನು ದಾನಮಾಡುವುದಿಲ್ಲ, ಭೇದವೆಣಿಸುವುದನ್ನು ತಡೆಯುತ್ತದೆ ಅಷ್ಟೆ, ಎಂದು ಅದೇ ನ್ಯಾಯಸ್ಥಾನವು ವಿವರಿಸಿತು. ಮೀಮಾಂಸಕರ ಪರಿಭಾಷೆಯಲ್ಲಿ ಹೇಳುವುದಾದರೆ, ನಿಷೇಧದಿಂದ ವಿಧಿಯನ್ನು ಊಹಿಸಲಾಗದೆಂಬುದೇ ಇದರ ತಾತ್ಪರ್ಯ.

ನಿಷೇಧವಾಕ್ಯದ ದೌರ್ಬಲ್ಯವು ಇಲ್ಲಿಯೇ ಇರುವುದು. ಹೆಸರಿಸಿದ ಕಾರಣವನ್ನು ಬಿಟ್ಟು ಬೇರೊಂದು ಕಾರಣವನ್ನು ಹೂಡಿದವನನ್ನು ಅದು ಹಿಡಿಯಲಾರದು. 1890ರ ಮಿಸಿಸಿಪಿ ಶಾಸನವು ಬಣ್ಣದ ಮಾತನ್ನೇ ಎತ್ತಲಿಲ್ಲ. ತಲೆತೆರಿಗೆಯನ್ನೂ ಓದುಬರಹದ ಪರೀಕ್ಷೆಯನ್ನೂ ವಿಧಿಸಿತು. ಪರೀಕ್ಷಕನು ಬಿಳಿಯ ಅಧಿಕಾರಿಯಾದುದರಿಂದ ತೇರ್ಗಡೆ ಯಾರದೆಂದು ಹೇಳಬೇಕಾಗಿಲ್ಲ. ಇಂಥ ಪರೀಕ್ಷೆಯಿಂದ ಓದುಬಾರದ ಬಿಳಿಯರೂ ಮತ ಕಳೆದುಕೊಳ್ಳುವರೆಂದು ಕಂಡಾಗ ಲೂಯಿಸಿಯಾನದವರು 1898ರಲ್ಲಿ ಇನ್ನೊಂದು ಉಪಾಯವನ್ನು ಕಂಡುಹಿಡಿದರು: 1867ರ ಜನವರಿ 1ಕ್ಕೆ ಯಾರ ತಂದೆ ಅಥವಾ ಅಜ್ಜನಿಗೆ ಮತವಿತ್ತೋ ಅವನಿಗೆ ಪರೀಕ್ಷೆಯಿಲ್ಲ. ಆ ದಿನದಂದು ಕಪ್ಪು ಜನರ ತಂದೆ ಅಜ್ಜಂದಿರಿಗೆ ಅಲ್ಲಿ ಮತವಿರಲಿಲ್ಲವಷ್ಟೆ. 1896ರಲ್ಲಿ ಆ ಸಂಸ್ಥಾನದ ಪಟ್ಟಿಯಲ್ಲಿದ್ದ ಕಪ್ಪು ಮತದಾರರು 1,30,334, 1904ರಲ್ಲಿ 1,342. ಇಂಥ ಅಜ್ಜನ ನಿಯಮವನ್ನು 1915ರಲ್ಲಿ ಸುಪ್ರೀಂ ಕೋರ್ಟು ತಳ್ಳಿಹಾಕಿತು. ಒಕ್ಲಹೋಮದವರು ಒಡನೆಯೇ ಹೊಸ ಕಾಯಿದೆಯನ್ನು ಮಾಡಿ, ಹಿಂದೆ ಮತವಿಲ್ಲದಿದ್ದವರು 1916ರಲ್ಲಿ ಹನ್ನೆರಡು ದಿನಗಳೊಳಗೆ ಹೆಸರು ಬರೆಯಿಸದಿದ್ದರೆ ಎಂದೆಂದಿಗೂ ಮತವಿಲ್ಲವೆಂದರು. ಅದು ಬಿದ್ದುದು 1939ರಲ್ಲಿ. ಒಂದು ಕಳ್ಳದಾರಿಯನ್ನು ಮುಚ್ಚುವಷ್ಟರಲ್ಲಿ ಒಂದು ತಲೆಮಾರು ಕಳೆದುಹೋಗಿತ್ತು.

ಸ್ತ್ರೀಯರ ಮತವೂ ಇದೇ ಅಚ್ಚಿನಲ್ಲಿ ಬಂದಿತು. 1872ರಲ್ಲಿ ರಾಚೆಸ್ಟರಿನಲ್ಲಿ ಮತ ಹಾಕಿದುದಕ್ಕಾಗಿ ಸೂಸನ್ ಆಂಟನಿಗೆ 100 ಡಾಲರು ದಂಡವಾಯಿತು. ಆಕೆ ಅದನ್ನು ತೆರಲೇ ಇಲ್ಲ. ಸ್ತ್ರೀಪುರುಷಭೇದದಿಂದ ಮತವನ್ನು ನಿರಾಕರಿಸಕೂಡದೆಂಬ ಹತ್ತೊಂಬತ್ತನೆಯ ತಿದ್ದುಪಡಿಗೆ 36ನೆಯ ಸಂಸ್ಥಾನದ ಒಪ್ಪಿಗೆ ಬೇಕಾಗಿತ್ತು. 1920ರ ಆಗಸ್ಟ್ 18ರಂದು ಟೆನೆಸ್ಸಿಯ ಸಭೆಯಲ್ಲಿ ಹ್ಯಾರಿ ಬರ್ನ್ ಎಂಬ 24 ವರ್ಷದ ಸದಸ್ಯನು, ತಾಯಿಯ ಪತ್ರವನ್ನು ಜೇಬಿನಲ್ಲಿಟ್ಟುಕೊಂಡು, ಎದುರು ಪಕ್ಷವನ್ನು ಬಿಟ್ಟು ಮತವಿತ್ತುದರಿಂದ ಅದು ಗೆದ್ದಿತು. ಆದರೆ ತಲೆತೆರಿಗೆಯೂ ಪರೀಕ್ಷೆಯೂ ಇದ್ದ ದಕ್ಷಿಣದಲ್ಲಿ ಕಪ್ಪು ಸ್ತ್ರೀಯರಿಗೆ ಇದರಿಂದ ದೊರೆತುದು ಅತ್ಯಲ್ಪ.

ಈ ಎಲ್ಲ ನಿಷೇಧಗಳೂ ಕಾಪಾಡುವುದು ಪ್ರಜೆಗಳನ್ನು. ಪ್ರಜೆಯಾಗುವ ಬಾಗಿಲನ್ನೇ ಮುಚ್ಚಿದರೆ ಅವು ನಿಷ್ಪ್ರಯೋಜಕ. ಈ ಮಾತನ್ನು ಭಾರತೀಯರು ಅನುಭವದಿಂದ ಬಲ್ಲರು. ಹೊರಗಿನಿಂದ ಬಂದವರಲ್ಲಿ ಬಿಳಿಯರಿಗೆ ಮಾತ್ರ 1790ರ ಕಾಯಿದೆಯು ಪ್ರಜಾತ್ವವನ್ನು ಕೊಡುತ್ತಿತ್ತು. 1870ರಲ್ಲಿ ಆಫ್ರಿಕಾ ಮೂಲದವರನ್ನೂ ಸೇರಿಸಿದರು. ಅಮೆರಿಕದ ಸೈನ್ಯದಲ್ಲಿ ಸೇವೆಮಾಡಿದ್ದ ಪಂಜಾಬಿನ ಭಗತ್ ಸಿಂಗ್ ಥಿಂಡ್ ಎಂಬವರು ಈ ಎರಡು ವರ್ಗಗಳಲ್ಲಿ ಯಾವುದಕ್ಕೂ ಸೇರುವುದಿಲ್ಲವೆಂದು 1923ರಲ್ಲಿ ಸುಪ್ರೀಂ ಕೋರ್ಟು ನಿರ್ಣಯಿಸಿತು. ಭಾರತೀಯರಿಗೆ ಈ ಬಾಗಿಲು ತೆರೆದುದು 1946ರ ಕಾಯಿದೆಯಿಂದ.

ನಿಷೇಧಕ್ಕೆ ನಿಜವಾದ ಬಲವು ಬಂದುದು 1960ರ ಅನಂತರದ ದಶಕದಲ್ಲಿ. 1964ರ ಇಪ್ಪತ್ತನಾಲ್ಕನೆಯ ತಿದ್ದುಪಡಿಯು ಒಕ್ಕೂಟದ ಚುನಾವಣೆಗಳಲ್ಲಿ ತಲೆತೆರಿಗೆಯನ್ನು ನಿಷೇಧಿಸಿತು. 1965ರ ಮಾರ್ಚ್ 7ರಂದು ಅಲಬಾಮದ ಸೆಲ್ಮಾ ಪಟ್ಟಣದಲ್ಲಿ ಮತಕ್ಕಾಗಿ ನಡೆದುಹೊರಟವರ ಮೇಲೆ ಪೋಲೀಸರು ಲಾಠಿ ಬೀಸಿದುದನ್ನು ದೇಶವೆಲ್ಲ ಕಂಡಿತು. ಅದೇ ಆಗಸ್ಟಿನಲ್ಲಿ ಮತಾಧಿಕಾರದ ಕಾಯಿದೆಯು ಹುಟ್ಟಿತು. ಪರೀಕ್ಷೆಗಳನ್ನು ತಡೆದು, ಹಿಂದೆ ಅನ್ಯಾಯಮಾಡಿದ ಪ್ರದೇಶಗಳು ಚುನಾವಣೆಯ ನಿಯಮಗಳನ್ನು ಬದಲಾಯಿಸುವುದಕ್ಕೆ ಮುಂಚಿತವಾಗಿಯೇ ಒಕ್ಕೂಟದ ಅನುಮತಿ ಪಡೆಯಬೇಕೆಂದು ಅದು ಕಟ್ಟುಮಾಡಿತು. ಮಿಸಿಸಿಪಿಯಲ್ಲಿ ಪಟ್ಟಿಗೆ ಸೇರಿದ ಕಪ್ಪು ಮತದಾರರು ಆಗ ನೂರಕ್ಕೆ 6.7ರಷ್ಟಿದ್ದವರು 1967ರಲ್ಲಿ 59.8ರಷ್ಟಾದರು. 1971ರ ಇಪ್ಪತ್ತಾರನೆಯ ತಿದ್ದುಪಡಿಯು 18 ವರ್ಷ ತುಂಬಿದವರಿಗೆ ವಯಸ್ಸಿನ ಕಾರಣದಿಂದ ಮತವನ್ನು ತಪ್ಪಿಸಕೂಡದೆಂದಿತು. 2013ರಲ್ಲಿ, ಮುಂಚಿತ ಅನುಮತಿ ಪಡೆಯಬೇಕಾದ ಪ್ರದೇಶಗಳನ್ನು ಗೊತ್ತುಮಾಡುವ ಸೂತ್ರವನ್ನು ಸುಪ್ರೀಂ ಕೋರ್ಟು ರದ್ದುಮಾಡಿದುದರಿಂದ ಆ ಕಟ್ಟು ಸಡಿಲಿತು.

ಅಧ್ಯಕ್ಷನ ಚುನಾವಣೆಯಲ್ಲಿ ಮೂಲದ ಮೌನವು ಈಗಲೂ ಕಾಣುತ್ತದೆ. ಅವನನ್ನು ಆರಿಸುವವರು 538 ಮಂದಿ ಚುನಾಯಕರು. 270 ಮತಗಳು ಬಂದವನು ಗೆದ್ದವನು. ಚುನಾಯಕರನ್ನು ನೇಮಿಸುವ ರೀತಿಯನ್ನು ನಿರ್ಣಯಿಸುವುದು ಸಂಸ್ಥಾನದ ಶಾಸನಸಭೆ. ದಕ್ಷಿಣ ಕ್ಯಾರೊಲಿನದಲ್ಲಿ 1860ರವರೆಗೂ ಶಾಸನಸಭೆಯೇ ಅವರನ್ನು ನೇಮಿಸುತ್ತಿತ್ತು. ಶಾಸನಸಭೆಯು ಜನರಿಗೆ ಬಿಟ್ಟುಕೊಟ್ಟಲ್ಲದೆ ಚುನಾಯಕರನ್ನು ಆರಿಸುವ ಹಕ್ಕು ಪ್ರಜೆಗೆ ರಾಜ್ಯಾಂಗದಿಂದ ಬಂದುದಲ್ಲವೆಂದು 2000ದಲ್ಲಿ ಸುಪ್ರೀಂ ಕೋರ್ಟು ಪುನಃ ಹೇಳಿತು. 1876, 1888, 2000, 2016 ಈ ವರ್ಷಗಳಲ್ಲಿ ಜನರ ಮತ ಕಡಿಮೆ ಬಂದವನೇ ಅಧ್ಯಕ್ಷನಾದನು.

ಈ ಪದ್ಧತಿಯಲ್ಲಿ ಗುಣವೇ ಇಲ್ಲವೆನ್ನುವುದು ನ್ಯಾಯವಲ್ಲ. ಸಂಸ್ಥಾನಗಳಿಗೆ ಸ್ವಾತಂತ್ರ್ಯವಿದ್ದುದರಿಂದಲೇ ವಯೋಮಿಂಗ್ ಪ್ರಾಂತವು 1869ರಲ್ಲಿಯೇ ಸ್ತ್ರೀಯರಿಗೂ, ಜಾರ್ಜಿಯವು 1943ರಲ್ಲಿಯೇ 18 ವರ್ಷದವರಿಗೂ ಮತವಿತ್ತವು. ಆದರೆ ಮುಂದೆ ಹೋಗುವ ಸ್ವಾತಂತ್ರ್ಯವು ಹಿಂದಕ್ಕೆ ಎಳೆಯುವ ಸ್ವಾತಂತ್ರ್ಯವೂ ಆಗಿತ್ತೆಂಬುದನ್ನು ನ್ಯೂ ಜೆರ್ಸಿಯೂ ಲೂಯಿಸಿಯಾನವೂ ತೋರಿಸಿವೆ.

1950ರಲ್ಲಿ ಜಾರಿಗೆ ಬಂದ ನಮ್ಮ ಸಂವಿಧಾನದ 326ನೆಯ ಅನುಚ್ಛೇದವನ್ನು ಇದರ ಪಕ್ಕದಲ್ಲಿಟ್ಟು ಓದಬೇಕು. ಲೋಕಸಭೆಯ ಮತ್ತು ವಿಧಾನಸಭೆಗಳ ಚುನಾವಣೆಗಳು ವಯಸ್ಕ ಮತಾಧಿಕಾರದ ಮೇಲೆ ನಡೆಯತಕ್ಕದ್ದೆಂದು ಅದು ವಿಧಿಸುತ್ತದೆ. ಅನಿವಾಸ, ಚಿತ್ತವೈಕಲ್ಯ, ಅಪರಾಧ, ಚುನಾವಣೆಯ ಅಕ್ರಮ ಎಂಬ ಅಪವಾದಗಳನ್ನು ಎಣಿಸಿ ಹೇಳುತ್ತದೆ. ಓದುಬಾರದವರೇ ಬಹುಸಂಖ್ಯಾತರಾಗಿದ್ದ ದೇಶದಲ್ಲಿ ಓದುಬರಹವನ್ನು ಆ ಎಣಿಕೆಗೆ ಸೇರಿಸದೆ ಬಿಟ್ಟುದು ಸಾಮಾನ್ಯವಾದ ಕಾರ್ಯವಲ್ಲ. ಅಮೆರಿಕದಲ್ಲಿ ಮತವನ್ನು ಕೇಳುವವನು ತನ್ನನ್ನು ಹೊರಗಿಟ್ಟ ಕಾರಣವು ನಿಷಿದ್ಧವೆಂದು ಸಾಧಿಸಬೇಕಾಯಿತು. ಇಲ್ಲಿ ಹೊರಗಿಡುವವನೇ ಕಾರಣವನ್ನು ತೋರಿಸಬೇಕಾಗಿದೆ. ಸಾಧನೆಯ ಭಾರವು ಯಾರ ಹೆಗಲ ಮೇಲಿದೆಯೆಂಬುದು ಒಂದು ವಾಕ್ಯದ ರೂಪದಿಂದ ನಿಶ್ಚಯವಾಗುತ್ತದೆ. ಆ ಭಾರವನ್ನು ಹೊತ್ತವರು ಅದರ ಕೆಳಗೆ ನೂರು ವರ್ಷ ನಡೆಯಬೇಕಾಯಿತೆಂಬುದಕ್ಕೆ ಅಮೆರಿಕದ ಚರಿತ್ರೆಯೇ ಸಾಕ್ಷಿ.