ನೃತ್ಯಕೃತಿಯ ಪುನಃಪ್ರಯೋಗವೂ ಮೂಡಲಪಾಯದ ಪ್ರಶ್ನೆಯೂ

ಕಾವ್ಯಕ್ಕೆ ಓಲೆಗರಿಯ ಪ್ರತಿಯುಂಟು, ಶಾಸನಕ್ಕೆ ಕಲ್ಲುಂಟು. ಕುಣಿತಕ್ಕೆ ಕುಣಿಯುವವನ ದೇಹವೇ ಮುಖ್ಯವಾದ ಪ್ರತಿ. ಆದಕಾರಣ ಒಮ್ಮೆ ಪ್ರಸಿದ್ಧವಾದ ನೃತ್ಯಕೃತಿಯನ್ನು ವಿಶ್ವವಿದ್ಯಾನಿಲಯದ ವಿದ್ಯಾರ್ಥಿಗಳು ಮತ್ತೆ ರಂಗಕ್ಕೆ ತಂದಾಗ, ತಂದದ್ದು ಆ ಕೃತಿಯನ್ನೋ ಅದರ ನೆರಳನ್ನೋ ಎಂಬ ಸಂದೇಹ ಸಹಜವಾಗಿಯೇ ಏಳುತ್ತದೆ. ಮಧುಗಿರಿ, ಸಿರಾ, ಕೊರಟಗೆರೆ, ಪಾವಗಡಗಳ ಸೀಮೆಯನ್ನು ಕಣ್ಣ ಮುಂದಿರಿಸಿಕೊಂಡು ಈ ಸಂದೇಹವನ್ನು ಪರಿಶೀಲಿಸಲು ಇಲ್ಲಿ ಯತ್ನಿಸಿದ್ದೇವೆ.

ಇಂಥ ಪ್ರಯೋಗಗಳು ಅಮೆರಿಕಾದ ವಿದ್ಯಾಲಯಗಳಲ್ಲಿ ರೂಢಿಯಾಗಿವೆ. ಹೊಸೆ ಲಿಮೋನನ ‘ದಿ ಮೂರ್ಸ್ ಪವಾನ್’ 1949ರಲ್ಲಿ ಕನೆಕ್ಟಿಕಟ್ ಕಾಲೇಜಿನಲ್ಲಿಯೇ ಮೊದಲು ಪ್ರದರ್ಶಿತವಾಯಿತು. ಒಥೆಲೋವಿನ ಕಥೆಯನ್ನು ನಾಲ್ವರೇ ನರ್ತಕರು ನಡೆಸುವ ಆ ಕೃತಿ, ಕರ್ತೃವು 1972ರಲ್ಲಿ ತೀರಿಕೊಂಡ ಮೇಲೂ ಉಳಿದುಬಂದಿದೆ. ರುಡಾಲ್ಫ್ ಲಾಬಾನನು 1928ರಲ್ಲಿ ಪ್ರಕಟಿಸಿದ ನೃತ್ಯಲಿಪಿ ಇದಕ್ಕೆ ನೆರವಾಯಿತು. ಆದರೆ ಅದನ್ನು ಕುಣಿದು ಬಲ್ಲ ಹಿರಿಯರು ಕಿರಿಯರ ಎದುರು ನಿಂತು ತಿದ್ದಿದುದೇ ಹೆಚ್ಚಿನದೆಂದು ನಮಗೆ ತೋರುತ್ತದೆ.

ನಮ್ಮಲ್ಲಿಯೂ ಇದಕ್ಕೆ ಸಮೀಪದ ನಿದರ್ಶನಗಳಿವೆ. ಮೈಸೂರು ವಿಶ್ವವಿದ್ಯಾನಿಲಯದಲ್ಲಿ 1965ರಲ್ಲಿ ನೃತ್ಯವಿಭಾಗ ಆರಂಭವಾದಾಗ, ಜಟ್ಟಿ ತಾಯಮ್ಮನವರ ಶಿಷ್ಯೆ ವೆಂಕಟಲಕ್ಷಮ್ಮನವರು ಅದರ ಮೊದಲ ರೀಡರಾದರು. ಅರಮನೆಯ ಅಭಿನಯ ಹೀಗೆ ತರಗತಿಯನ್ನು ಹೊಕ್ಕಿತು. ಶಿವರಾಮ ಕಾರಂತರು ಕರಾವಳಿಯ ಯಕ್ಷಗಾನವನ್ನು ಮಾತು ಕಳೆದು, ರಾತ್ರಿಯ ಆಟವನ್ನು ಕೆಲವೇ ಗಂಟೆಗಳಿಗೆ ಇಳಿಸಿ, ಪಿಟೀಲು ಸ್ಯಾಕ್ಸೊಫೋನುಗಳನ್ನು ಕೂಡಿಸಿ, ನೃತ್ಯನಾಟಕವಾಗಿ ಕಟ್ಟಿದರು. ಆ ಧೈರ್ಯವನ್ನು ಮೆಚ್ಚದಿರುವುದು ಕಷ್ಟ.

ಆದರೆ ಅದೇ ಕತ್ತರಿಯನ್ನು ಬಯಲುಸೀಮೆಯ ಮೂಡಲಪಾಯಕ್ಕೆ ಹಾಕಬಹುದೆ? ತುಮಕೂರು ಜಿಲ್ಲೆ ಈ ಕಲೆಯ ನೆಲೆಗಳಲ್ಲೊಂದು. ಆಡುವವರು ಬಹುಮಟ್ಟಿಗೆ ಒಕ್ಕಲಮಕ್ಕಳು. ಭಾಗವತನು ಊರಿನವರಿಗೆ ತಿಂಗಳುಗಟ್ಟಲೆ ಒಂದು ಪ್ರಸಂಗವನ್ನು ಕಲಿಸುತ್ತಾನೆ. ಮರದ ಕಿರೀಟ, ಭುಜಕೀರ್ತಿಗಳ ಭಾರವನ್ನು ಹೊತ್ತು ಬಯಲರಂಗದಲ್ಲಿ ಕುಣಿಯುವಾಗ ಹೆಜ್ಜೆಯೇ ಬೇರೆಯಾಗುತ್ತದೆ. ಹಗುರವಾದ ವೇಷ ತೊಟ್ಟು ನಯವಾದ ಹಲಗೆಯ ಮೇಲೆ ಅದನ್ನು ಅನುಕರಿಸಿದರೆ ಕುಪ್ಪಳಿಕೆ ಉಳಿದೀತು, ಗಾಂಭೀರ್ಯ ಉಳಿಯದು. ಮುಖವೀಣೆಯ ತಾರಧ್ವನಿಯೂ ಬಯಲಿಗೆಂದೇ ಹುಟ್ಟಿದುದು. (ಸಿರಾ ಸೀಮೆಯ ಕಾಡುಗೊಲ್ಲರು ಜುಂಜಪ್ಪನ ಕಾವ್ಯಕ್ಕೆ ನುಡಿಸುವ ಗಣೆಯನ್ನು ಸಭಾಂಗಣದಲ್ಲಿ ಕೇಳಿದವರಿಗೂ ಇಂಥದೇ ಕೊರತೆ ತೋರಿದರೆ ಆಶ್ಚರ್ಯವಿಲ್ಲ.)

ಎಲ್ಲಕ್ಕೂ ಮಿಗಿಲಾದುದು ಸಾರಥಿಯ ಪಾತ್ರ. ಬಂದ ವೇಷಧಾರಿಯನ್ನು ನೀನಾರೆಂದು ಕೇಳುವವನು ಇವನು. ಆ ಪ್ರಶ್ನೆಗೆ ಮಾತಿನಲ್ಲಿಯೂ ಕುಣಿತದಲ್ಲಿಯೂ ಉತ್ತರ ಬರುತ್ತದೆ. ಸಮಯವಿಲ್ಲವೆಂದು ಮಾತನ್ನು ಕಳೆದರೆ ಕುಣಿತವು ಕೇಳದ ಪ್ರಶ್ನೆಗೆ ಉತ್ತರವಾಗುತ್ತದೆ. ಕನ್ನಡ ತೆಲುಗುಗಳೆರಡೂ ಬಳಕೆಯಲ್ಲಿರುವ ಪಾವಗಡದ ಊರಿನ ಸಭೆಯನ್ನು ನಗಿಸುವ ಮಾತು ಮೈಸೂರಿನ ಸಭೆಯನ್ನು ನಗಿಸಲಾರದು. ಯಾವ ನೃತ್ಯಲಿಪಿಯೂ ಆ ಮಾತನ್ನು ಬರೆದಿಡಲಾರದು.

ಮೈಸೂರಿನ ಜಾನಪದ ವಸ್ತುಸಂಗ್ರಹಾಲಯ 1968ರಲ್ಲಿ ಸ್ಥಾಪಿತವಾಯಿತು. ಜೀ.ಶಂ. ಪರಮಶಿವಯ್ಯನವರಂಥ ವಿದ್ವಾಂಸರು ದಕ್ಷಿಣ ಕರ್ನಾಟಕದ ಜನಪದ ರಂಗಭೂಮಿಯ ಅಧ್ಯಯನವನ್ನು ಬೆಳೆಸಿದರು. ವೇಷಭೂಷಣಗಳನ್ನು ಕಾಪಾಡುವುದು ಸಂಗ್ರಹಾಲಯಕ್ಕೆ ಸಾಧ್ಯ. ಅವನ್ನು ತೊಟ್ಟು ನಿಲ್ಲುವ ಬಗೆಯನ್ನು ಕಲಿಸುವವನು ಭಾಗವತ. ಆದುದರಿಂದ ನಮ್ಮ ವಿದ್ಯಾಲಯಗಳು ‘ಕರಿಭಂಟನ ಕಥೆ’ಯಂಥ ಪ್ರಸಂಗವನ್ನು ಆಡಿಸುವುದಾದರೆ, ಇಡೀ ಕಥೆಯನ್ನು ಒಂದೂವರೆ ಗಂಟೆಗೆ ಹಿಂಡುವುದಕ್ಕಿಂತ ಒಂದೇ ಸಂದರ್ಭವನ್ನು ಆರಿಸಿ, ಸಾರಥಿಯ ಸಹಿತ, ಅದರ ಪೂರ್ಣಕಾಲದಲ್ಲಿ ಆಡಿಸುವುದು ಮೇಲು. ಕಲಿಸಲು ಊರಿನ ಭಾಗವತರನ್ನೇ ಕರೆಯಬೇಕು. ಪದವಿಯಿಲ್ಲವೆಂಬ ಆಕ್ಷೇಪಣೆ ಬಂದಲ್ಲಿ, ವೆಂಕಟಲಕ್ಷಮ್ಮನವರು 1965ರಲ್ಲಿ ತಂದ ಅರ್ಹತೆ ಗುರುಮನೆಯ ಅಭ್ಯಾಸವೇ ಆಗಿತ್ತೆಂಬುದನ್ನು ಆಡಳಿತದವರ ಗಮನಕ್ಕೆ ತರಬಹುದು.