ಆನೆಲಾಯದಲ್ಲಿ ಉಳಿದ ವಿಮಾನ

ಜುವಾರಿ ನದಿಯ ದಡದ ನಮ್ಮ ಕೊರ್ತಾಲಿಮ್‌ಗೆ ಬೊಗ್ಮಾಳೊ ಬಹಳ ದೂರವಲ್ಲ. ಅಲ್ಲಿ 1998ರಲ್ಲಿ ತೆರೆದ ನೌಕಾ ವಾಯುಯಾನ ವಸ್ತುಸಂಗ್ರಹಾಲಯವನ್ನು ಕಂಡು ಬಂದ ಮಕ್ಕಳು ಸೀ ಹಾಕ್ ಜೆಟ್ಟಿನ ಮಾತನ್ನೇ ಆಡುತ್ತಿದ್ದರು. ಅದರ ಮುತ್ತಜ್ಜನನ್ನೂ ತೋರಿಸೋಣವೆಂದು ಡಿ.ಎಚ್.9 ಎಂಬ ಜೋಡಿರೆಕ್ಕೆಯ ಯುದ್ಧವಿಮಾನದ ರೆಸಿನ್ ಮಾದರಿಯೊಂದನ್ನು ನಾವು ತರಿಸಿದೆವು. ನಿಜ ವಿಮಾನದ ರೆಕ್ಕೆಯ ಹರವು ಸುಮಾರು 12.9 ಮೀಟರು; 72ನೆಯ ಒಂದು ಪಾಲಿನ ಈ ಮಾದರಿಯಲ್ಲಿ ಅದು 18 ಸೆಂಟಿಮೀಟರು.

ರಬ್ಬರಿನ ಅಚ್ಚಿನಲ್ಲಿ ಎರಕ ಹೊಯ್ದ ತುಂಡುಗಳವು. ಬಾಗಿದ ರೆಕ್ಕೆಯನ್ನು ಬಿಸಿನೀರಿನಲ್ಲಿ ಅದ್ದಿ ನೇರಗೊಳಿಸಿದೆವು. ರೆಸಿನ್ನಿನ ಧೂಳು ಶ್ವಾಸಕೋಶಕ್ಕೆ ಕೇಡು. ಆದಕಾರಣ ಉಜ್ಜುವ ಕೆಲಸವನ್ನು ಮಕ್ಕಳಿಗೆ ಕೊಡದೆ ನಾವೇ ನೀರು ಹಚ್ಚಿ ಮಾಡಿದೆವು. ದಾರ ಕಟ್ಟುವ ಕೆಲಸ ಮಾತ್ರ ಅವರದು. ಅಲಂಕಾರವೆಂದು ಅವರು ಬಗೆದಿದ್ದ ತಂತಿಗಳೇ ವಿಮಾನದ ಜೀವ. ಮರ ಬಟ್ಟೆಗಳ ತೆಳು ರೆಕ್ಕೆ ಒಂಟಿಯಾಗಿ ಭಾರ ಹೊರಲಾರದು. ಎರಡನ್ನು ಕಂಬ ತಂತಿಗಳಿಂದ ಬಿಗಿದರೆ ಸೇತುವೆಯಂತೆ ಗಟ್ಟಿಯಾಗುತ್ತದೆ.

ಬಣ್ಣದ ವೇಳೆಗೆ ಒಬ್ಬ ಹುಡುಗನು ರೆಕ್ಕೆಯ ಮೇಲೆ ನಮ್ಮ ತ್ರಿವರ್ಣವನ್ನೇ ಬರೆಯೋಣವೆಂದನು. ಚರಿತ್ರೆ ಅದಕ್ಕೆ ಒಪ್ಪುವುದಿಲ್ಲ. 1917ರಲ್ಲಿ ಮೊದಲು ಹಾರಿದ ಈ ವಿಮಾನ ದುರ್ಬಲ ಎಂಜಿನ್ನಿನಿಂದ ಕೆಟ್ಟ ಹೆಸರು ಪಡೆಯಿತು. ಆದರೂ ಸಾವಿರಾರು ತಯಾರಾದವು. ಯುದ್ಧ ಮುಗಿದ ಮೇಲೆ ಬ್ರಿಟನ್ ತನ್ನಲ್ಲಿ ಹೆಚ್ಚಾಗಿ ಉಳಿದ ವಿಮಾನಗಳನ್ನು ಸಾಮ್ರಾಜ್ಯದ ದೇಶಗಳಿಗೆ ದಾನವೆಂದು ಹಂಚಿತು. ಭಾರತದ ಪಾಲು ನೂರು. ಬೇಡವಾದುದನ್ನು ಕೊಟ್ಟರೂ ದಾನವೆನ್ನಬಹುದೋ ಏನೋ, ಓದುಗರೇ ಹೇಳಬೇಕು. ಇದೇ ಬಳಗದ ಡಿ.ಎಚ್.9ಎ ವಿಮಾನದ ಬಿಡಿಭಾಗಗಳು ವ್ಯರ್ಥವಾಗಬಾರದೆಂದೇ ಮುಂದೆ ವಾಪಿಟಿ ವಿಮಾನವನ್ನು ರೂಪಿಸಿದರು. ಭಾರತೀಯ ವಾಯುಪಡೆಯ ಮೊದಲ ದಳ 1933ರ ಏಪ್ರಿಲ್ 1ರಂದು ಕರಾಚಿಯಲ್ಲಿ ಆರಂಭವಾದದ್ದು ಅಂತಹ ನಾಲ್ಕು ವಾಪಿಟಿಗಳಿಂದ. ಅವುಗಳ ಮೇಲಿದ್ದುದೂ ಬ್ರಿಟಿಷರ ಕೆಂಪು-ಬಿಳಿ-ನೀಲಿ ವೃತ್ತವೇ.

ಆಗ ಈ ಕೊರ್ತಾಲಿಮ್ ಪೋರ್ಚುಗೀಸರದು. ಅವರಿಗೂ ಈ ವರ್ಗದ ವಿಮಾನವೇ ಕಷ್ಟಕಾಲಕ್ಕೆ ಒದಗಿತು. 1924ರಲ್ಲಿ ಬ್ರಿತು ಪಾಯಿಶ್, ಸಾರ್ಮೆಂತು ದ ಬೈರೆಶ್ ಎಂಬ ಸೇನಾ ವೈಮಾನಿಕರು ಪೋರ್ಚುಗಲ್ಲಿನಿಂದ ಮಕಾವಿಗೆ ಹೊರಟರು. ಜೋಧಪುರದ ಬಳಿ ಅವರ ವಿಮಾನ ಮುರಿಯಿತು. ಲಾಹೋರಿನಲ್ಲಿ ಇಂತಹುದೊಂದನ್ನು ಕೊಂಡು ಮುಂದೆ ಹಾರಿದರು.

ದಾನದ ವಿಮಾನಗಳಲ್ಲಿ ಕೆಲವು ಬಿಕಾನೇರಿನ ಮಹಾರಾಜ ಗಂಗಾಸಿಂಗರಿಗೆ ಬಂದಿದ್ದವು. ಹಾರಾಟ ನಿಂತ ಮೇಲೆ ಅವು ಅರಮನೆಯ ಆನೆಲಾಯ ಸೇರಿದವು. ಮರವನ್ನು ಗೆದ್ದಲು ತಿಂದಿತು. ಯಾರೂ ಬೆಲೆ ಕೊಡದ ಕಾರಣದಿಂದಲೇ ಅವು ಗುಜರಿಗೂ ಹೋಗದೆ ಉಳಿದವೆಂದು ನಮಗೆ ತೋರುತ್ತದೆ. ಸುಮಾರು ಎಂಬತ್ತು ವರ್ಷಗಳ ನಂತರ ಎರಡರ ಅವಶೇಷ ಇಂಗ್ಲೆಂಡಿಗೆ ಹೋಯಿತು. ಒಂದು ಡಕ್ಸ್‌ಫರ್ಡ್ ಸಂಗ್ರಹಾಲಯದಲ್ಲಿ ನಿಂತಿತು. ಇನ್ನೊಂದು 2019ರಲ್ಲಿ ಮತ್ತೆ ಆಕಾಶಕ್ಕೇರಿತು. ಬಿಕಾನೇರಿನ ಜುನಾಗಢ ಕೋಟೆಯಲ್ಲೂ ಒಂದನ್ನು ಜೋಡಿಸಿ ಇಟ್ಟಿದ್ದಾರೆ.

"ಹಾಗಾದರೆ ಇದು ನಮ್ಮದೋ, ಅವರದೋ?" ಎಂದು ಅದೇ ಹುಡುಗ ಕೇಳಿದನು. ತರಗತಿಯಲ್ಲಿ ಎರಡು ಪಕ್ಷಗಳಾದವು. ಗಂಟೆ ಬಾರಿಸಿದರೂ ವಾದ ಮುಗಿಯಲಿಲ್ಲ. ಮರುದಿನ ಅವನೇ ಕುಂಚ ಹಿಡಿದು ಹಳೆಯ ವೃತ್ತಗಳನ್ನು ಬರೆದನು. ಎಡರೆಕ್ಕೆಯ ವೃತ್ತ ಕೊಂಚ ಮೊಟ್ಟೆಯಾಕಾರವಾಗಿದೆ. ನಾವು ತಿದ್ದಲಿಲ್ಲ.