ಪುರ ಗ್ರಾಮದ ಸೆಗಣಿ ಲೆಕ್ಕ

ಒಂದು ಹಸು ದಿನಕ್ಕೆ ಎಷ್ಟು ಸೆಗಣಿ ಹಾಕುತ್ತದೆ? ತರಗತಿಯಲ್ಲಿ ಈ ಪ್ರಶ್ನೆ ಕೇಳಿದರೆ ಮೊದಲು ನಗು ಏಳುತ್ತದೆ, ಆಮೇಲೆ ಯಾರಾದರೂ ‘10 ಕಿಲೋ’ ಎನ್ನುತ್ತಾರೆ. ಕೈಪಿಡಿಗಳಲ್ಲೂ ಅದೇ ಅಂಕಿ. ಇನ್ನೊಂದು ಪ್ರಶ್ನೆಯನ್ನು ಕೇಳಿ ನೋಡಿ: ಅದರಲ್ಲಿ ನಮ್ಮ ಕೈಗೆ ಸಿಗುವುದೆಷ್ಟು? ಹಗಲೆಲ್ಲ ಮೇಯಲು ಹೋಗುವ ದನ ಅರ್ಧದಷ್ಟನ್ನು ಬಯಲಿನಲ್ಲೇ ಬಿಟ್ಟು ಬರುತ್ತದೆ. ಕೊಟ್ಟಿಗೆಯಲ್ಲಿ ರಾತ್ರಿ ಬಿದ್ದದ್ದಷ್ಟೇ ನಮ್ಮ ಪಾಲಿಗೆ. ಈ ಎರಡು ಅಂಕಿಗಳ ಅಂತರದಿಂದ ಒಂದು ಹಳ್ಳಿಯ ಯೋಜನೆ ಹೇಗೆ ದಿಕ್ಕು ಬದಲಿಸಿತು ಎಂಬುದನ್ನು ನೋಡೋಣ.

ಸೆಗಣಿಯಿಂದ ಅನಿಲ ತೆಗೆಯುವ ವಿಚಾರ ಹೊಸದೇನಲ್ಲ. ಮುಂಬಯಿಯ ಮಾಟುಂಗದ ಕುಷ್ಠರೋಗಿಗಳ ಆಶ್ರಮದಲ್ಲಿ 1897ರಲ್ಲೇ ಮಲದಿಂದ ಅನಿಲ ಪಡೆಯಲಾಗಿತ್ತು. ಜಶ್‌ಭಾಯಿ ಪಟೇಲರು ರೂಪಿಸಿದ, ತೇಲುವ ಡ್ರಮ್ಮಿನ ಸ್ಥಾವರವನ್ನು ಖಾದಿ ಮತ್ತು ಗ್ರಾಮೋದ್ಯೋಗ ಆಯೋಗ 1960ರ ದಶಕದಲ್ಲಿ ದೇಶಕ್ಕೆಲ್ಲ ಪರಿಚಯಿಸಿತು. ನಮ್ಮ ಕತೆ ಆರಂಭವಾಗುವುದು 1974ರಲ್ಲಿ. ಆ ವರ್ಷ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ‘ಅಸ್ತ್ರ’ ಎಂಬ ಘಟಕ ಹುಟ್ಟಿತು. ಗ್ರಾಮೀಣ ಪ್ರದೇಶಗಳಿಗೆ ವಿಜ್ಞಾನ ಮತ್ತು ತಂತ್ರಜ್ಞಾನವನ್ನು ಅನ್ವಯಿಸುವುದು ಅದರ ಗುರಿ. ಅದನ್ನು ಕಟ್ಟಿದವರು ಅಮೂಲ್ಯ ಕುಮಾರ ಎನ್. ರೆಡ್ಡಿ. ರಸಾಯನ ವಿಜ್ಞಾನದ ವಿದ್ಯಾರ್ಥಿಗಳು ಈ ಹೆಸರನ್ನು ಬೇರೆ ಕಡೆ ಕಂಡಿರುತ್ತೀರಿ: ಬಾಕ್ರಿಸ್ ಜೊತೆ ವಿದ್ಯುದ್ರಸಾಯನ ಶಾಸ್ತ್ರದ ಪ್ರಸಿದ್ಧ ಪಠ್ಯವನ್ನು ಬರೆದ ರೆಡ್ಡಿ ಇವರೇ.

ಅಸ್ತ್ರದವರು ತುಮಕೂರು ಜಿಲ್ಲೆಯ ಕುಣಿಗಲ್ ತಾಲ್ಲೂಕಿನ ಉಂಗ್ರದಲ್ಲಿ ಒಂದು ಕೇಂದ್ರ ತೆರೆದು ಸುತ್ತಲಿನ ಹಳ್ಳಿಗಳಲ್ಲಿ ಶಕ್ತಿಯ ಬಳಕೆಯನ್ನು ಅಳೆದರು. ಮನೆಮನೆಯ ಸೌದೆ, ಸೀಮೆಎಣ್ಣೆ, ಜನರ ಮತ್ತು ದನಗಳ ದುಡಿಮೆ ಎಲ್ಲವೂ ಲೆಕ್ಕಕ್ಕೆ ಬಂದವು. ಹಳ್ಳಿಯ ಇಂಧನದಲ್ಲಿ ಬಹುಪಾಲು ಸೌದೆ, ಅದೂ ಬಹುಪಾಲು ಅಡುಗೆಗೆ. ಅದನ್ನು ಆಯ್ದು ಹೊತ್ತು ತರುವುದರಲ್ಲಿ ಹೆಂಗಸರು ಮಕ್ಕಳಿಗೆ ದಿನಕ್ಕೆ ಗಂಟೆಗಟ್ಟಲೆ ಹೊತ್ತು ಹೋಗುತ್ತಿತ್ತು. ಉತ್ತರದ ಹಳ್ಳಿಗಳಂತೆ ಇಲ್ಲಿ ಬೆರಣಿಯನ್ನು ಒಲೆಗೆ ಹಾಕುತ್ತಿರಲಿಲ್ಲ, ಸೆಗಣಿಯೆಲ್ಲ ತಿಪ್ಪೆ ಸೇರಿ ಗೊಬ್ಬರವಾಗುತ್ತಿತ್ತು. ಆದ್ದರಿಂದ ಅದನ್ನು ‘ತ್ಯಾಜ್ಯ’ ಎನ್ನುವುದೇ ತಪ್ಪು. ರೈತನಿಂದ ಸೆಗಣಿ ಪಡೆದರೆ ಗೊಬ್ಬರವನ್ನು ಹಿಂದಿರುಗಿಸಲೇಬೇಕು.

ಇಂಥ ಹಳ್ಳಿಗಳಲ್ಲೊಂದು ಪುರ. ಸುಮಾರು 80 ಮನೆ, 400ಕ್ಕೂ ಹೆಚ್ಚು ಜನ, ಸುಮಾರು 250 ದನಗಳು. 1980ರ ದಶಕದ ಆರಂಭದಲ್ಲಿ ಇಲ್ಲಿ ಇಡೀ ಊರಿಗೆ ಸೇರಿದ ಸ್ಥಾವರ ಎದ್ದಿತು. ಖಾದಿ ಆಯೋಗದ ಮಾದರಿಗಿಂತ ಇದರ ಗುಂಡಿ ಅಗಲವಾಗಿ, ಆಳ ಕಡಿಮೆಯಾಗಿ ಇತ್ತು, ಖರ್ಚೂ ಕಡಿಮೆ. ಉದ್ದೇಶ ಸಹಜವಾಗಿಯೇ ಅಡುಗೆ ಅನಿಲ.

ಈಗ ಪೆನ್ಸಿಲ್ ತೆಗೆದುಕೊಳ್ಳಿ. ದನಕ್ಕೆ 5 ಕಿಲೋದಂತೆ 250 ದನಗಳಿಂದ 1.25 ಟನ್. ಕಿಲೋಗೆ ಸುಮಾರು 34 ಲೀಟರ್ ಅನಿಲ ಎಂದರೆ ಒಟ್ಟು 42 ಘನ ಮೀಟರ್. ಒಬ್ಬರ ಅಡುಗೆಗೆ ದಿನಕ್ಕೆ ಕಾಲು ಘನ ಮೀಟರಿಗಿಂತ ಸ್ವಲ್ಪ ಹೆಚ್ಚು ಬೇಕು. 400 ಜನಕ್ಕೆ 100ಕ್ಕೂ ಹೆಚ್ಚಾಯಿತು! ದನಕ್ಕೆ 10 ಕಿಲೋ ಎಂದು ನಂಬಿದರೂ ಇದು ಕೈಗೆಟುಕುವುದಿಲ್ಲ, ನಿಜವಾಗಿ ಸಿಗುವುದನ್ನು ತೂಗಿದರೆ ಅರ್ಧವೂ ಆಗದು. ಊರಿಗೆಲ್ಲ ಸೇರಿದ ಸ್ಥಾವರ ಕೆಲವೇ ಮನೆಗಳ ಒಲೆ ಉರಿಸಿದರೆ ಉಳಿದವರು ಸೆಗಣಿ ಹೊತ್ತು ತಂದು ಏಕೆ ಹಾಕಬೇಕು? ಅಡುಗೆಯ ಯೋಜನೆಯನ್ನು ಕೈಬಿಡಬೇಕಾಯಿತು.

ಊರಿನವರಿಗೆ ಎಲ್ಲಕ್ಕಿಂತ ಮೊದಲು ಬೇಕಾಗಿದ್ದುದು ಕುಡಿಯುವ ನೀರು. 1987ರಲ್ಲಿ ಸ್ಥಾವರ ಹೊಸ ಕೆಲಸಕ್ಕೆ ಇಳಿಯಿತು. ಅನಿಲವನ್ನು 5 ಕಿಲೋವ್ಯಾಟಿನ ಡೀಸೆಲ್ ಜನರೇಟರಿಗೆ ಗಾಳಿಯ ಜೊತೆ ಊಡಿಸಿದರು. ಮೀಥೇನ್ ಒತ್ತಡದ ಕಾವಿಗೆ ತಾನಾಗಿ ಹೊತ್ತಿಕೊಳ್ಳುವುದು ಕಷ್ಟ, ಹಾಗಾಗಿ ಚೂರು ಡೀಸೆಲ್ ಕಿಡಿಯ ಕೆಲಸ ಮಾಡಬೇಕು. ಆ ವಿದ್ಯುತ್ತಿನಿಂದ ಕೊಳವೆ ಬಾವಿಯ ಪಂಪು ಓಡಿತು, ಬೀದಿ ನಲ್ಲಿಗಳಲ್ಲಿ ನೀರು ಬಂತು, ಮನೆಗಳಲ್ಲಿ ಟ್ಯೂಬ್‌ಲೈಟ್ ಉರಿಯಿತು.

ಇಲ್ಲಿ ಭೌತವಿಜ್ಞಾನದ ಮೇಷ್ಟರು ಹುಬ್ಬೇರಿಸಬೇಕು. ನೇರವಾಗಿ ಉರಿಸಬಹುದಾದ ಅನಿಲವನ್ನು ಎಂಜಿನ್ನಿಗೆ ಕೊಟ್ಟರೆ ಮುಕ್ಕಾಲು ಪಾಲು ಶಕ್ತಿ ಬಿಸಿಯಾಗಿ ಹಾಳು. ಉಷ್ಣಬಲ ವಿಜ್ಞಾನದ ಪ್ರಕಾರ ಇದು ದುಂದು. ಆದರೂ ಲೆಕ್ಕ ಹಾಕಿ. 42 ಘನ ಮೀಟರಿನಿಂದ ಸುಮಾರು 50 ಯೂನಿಟ್ ವಿದ್ಯುತ್ ಸಿಗಬಹುದು. 80 ಮನೆಗಳಲ್ಲಿ 20 ವ್ಯಾಟಿನ ಒಂದೊಂದು ದೀಪ 4 ಗಂಟೆ ಉರಿದರೆ 6.4 ಯೂನಿಟ್. 3 ಅಶ್ವಶಕ್ತಿಯ ಪಂಪು 2 ಗಂಟೆ ಓಡಿದರೆ 4.5 ಯೂನಿಟ್. ಎರಡೂ ಸೇರಿ ಸಿಗುವುದರ ಕಾಲು ಭಾಗವೂ ಇಲ್ಲ. ಸೆಗಣಿ ಅರ್ಧಕ್ಕಿಳಿದ ದಿನವೂ ಊರಿಗೆಲ್ಲ ನೀರು, ಬೆಳಕು. ದಕ್ಷತೆಯೊಂದನ್ನೇ ನೋಡಿದ್ದರೆ ಈ ದಾರಿ ಯಾರಿಗೂ ಹೊಳೆಯುತ್ತಿರಲಿಲ್ಲ.

ನನಗೆ ಇನ್ನೂ ಹಿಡಿಸಿದ್ದು ಸೆಗಣಿಯ ಜಮಾಖರ್ಚು. ಬೆಳಿಗ್ಗೆ ಹೆಚ್ಚಾಗಿ ಹೆಂಗಸರೇ ಸೆಗಣಿ ತರುತ್ತಿದ್ದರು. ಅದನ್ನು ತೂಗಿ ಬರೆದುಕೊಂಡು ಕಿಲೋಗೆ 2 ಪೈಸೆಯಂತೆ ಕೊಡಲಾಗುತ್ತಿತ್ತು. ಅನಿಲ ಹೋದ ಬಗ್ಗಡವನ್ನು ಮರಳಿನ ಹಾಸಿನ ಮೇಲೆ ಸೋಸಿ ಗಟ್ಟಿ ಗೊಬ್ಬರವನ್ನು ಸೆಗಣಿ ಕೊಟ್ಟವರಿಗೇ ಹಿಂದಿರುಗಿಸುತ್ತಿದ್ದರು. ಸೋಸಿದ ನೀರು ಮತ್ತೆ ಸೆಗಣಿ ಕಲಸಲು. ಸಾರಜನಕವೂ ರಂಜಕವೂ ಗೊಬ್ಬರದಲ್ಲೇ ಉಳಿಯುತ್ತಿದ್ದವು. ಹೋದದ್ದು ಮುಖ್ಯವಾಗಿ ಇಂಗಾಲ ಮತ್ತು ಹೈಡ್ರೋಜನ್. ಸ್ಥಾವರ ನಡೆಸಿದವರು ಊರಿನದೇ ಯುವಕರು.

ಅಡುಗೆಯ ಸಮಸ್ಯೆ? ಅದಕ್ಕೆ ಅಸ್ತ್ರದವರು ಬೇರೆ ದಾರಿ ಹಿಡಿದರು. ಮೂರು ಪಾತ್ರೆಗಳ, ಹೊಗೆ ಕೊಳವೆಯ ‘ಅಸ್ತ್ರ ಒಲೆ’ ಬಂತು. ಸೌದೆ ಬದಲಿಸುವ ಬದಲು ಸೌದೆ ಉಳಿಸುವ ದಾರಿ ಅದು. ನಿಮ್ಮ ಅಜ್ಜಿಯ ಮನೆಯಲ್ಲಿ ಒಂದು ಇದ್ದಿರಬಹುದು.

ಪುರದ ವ್ಯವಸ್ಥೆ ಸುಮಾರು ಹತ್ತು ವರ್ಷ ನಡೆದು 1990ರ ದಶಕದ ಕೊನೆಗೆ ನಿಂತಿತು. ರೆಡ್ಡಿಯವರು ಅದನ್ನು ಮುಚ್ಚಿಡಲಿಲ್ಲ. ಪುರದ ಪಾಠಗಳ ಬಗ್ಗೆ 2004ರಲ್ಲಿ ಒಂದು ಲೇಖನ ಬರೆದರು, 2006ರಲ್ಲಿ ತೀರಿಕೊಂಡರು. ಅಸ್ತ್ರ ಇಂದು ಅದೇ ಸಂಸ್ಥೆಯಲ್ಲಿ ಸುಸ್ಥಿರ ತಂತ್ರಜ್ಞಾನಗಳ ಕೇಂದ್ರವಾಗಿದೆ.

ನಿಮ್ಮ ಶಾಲೆಯ ಬಿಸಿಯೂಟದ ಅಡುಗೆಮನೆಯಲ್ಲಿ ತರಕಾರಿ ಸಿಪ್ಪೆ, ಉಳಿದ ಅನ್ನವನ್ನು ಒಂದು ವಾರ ಪ್ರತಿದಿನ ತೂಗಿಸಿ, ಬರೆದಿಡಿ. ಆ ಸಿಪ್ಪೆ ಈಗ ಯಾರ ಮನೆಯ ಹಸುವಿಗೆ ಹೋಗುತ್ತಿದೆ ಎಂದು ಕೇಳುವುದನ್ನು ಮರೆಯಬೇಡಿ.